ಹಾರ್ಮೋನಿಯಂ ರಿಪೇರಿ ಮನೆಯಲ್ಲೇ: ಮೊದಲು ಗಾಳಿ, ಆಮೇಲೆ ಮನೆ, ಕೊನೆಗೆ ರೀಡು

"ಪೆಟ್ಟಿಗೆ ಶ್ರುತಿ ಬಿಟ್ಟಿದೆ, ರೀಡು ಉಜ್ಜಿಸಬೇಕು." ಭಜನಾ ಮಂಡಳಿ ಇರಲಿ, ನಾಟಕದ ತಂಡ ಇರಲಿ, ಹಾರ್ಮೋನಿಯಂ ಇರುವ ಕಡೆಯೆಲ್ಲ ಕೇಳುವ ದೂರು ಇದೇ. ಬಿಚ್ಚಿ ನೋಡಿದರೆ ಬಹಳ ಸಲ ಸ್ವರ ಹೊಮ್ಮಿಸುವ ಹಿತ್ತಾಳೆಯ ರೀಡಿನದು ತಪ್ಪೇ ಇರುವುದಿಲ್ಲ. ತಿದಿಯಲ್ಲಿ ಗಾಳಿ ಸೋರುತ್ತಿರುತ್ತದೆ, ರೀಡಿನ ಕಿಂಡಿ ಮುಚ್ಚುವ ಪ್ಯಾಲೆಟ್ಟಿನ ಚರ್ಮವನ್ನು ಹುಳ ತಿಂದಿರುತ್ತದೆ, ಇಲ್ಲವೇ ರೀಡಿನ ಸಂದಿಯಲ್ಲಿ ಧೂಳಿನ ಒಂದು ಕಣ ಕೂತಿರುತ್ತದೆ. ಗಾಳಿಯ ಒತ್ತಡ ಬದಲಾದರೆ ರೀಡಿನ ಸ್ವರವೂ ಸ್ವಲ್ಪ ಜರುಗುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಸ್ವರ ಒಂಚೂರು ಇಳಿಯುತ್ತದೆ, ಅದರಲ್ಲೂ ಬಾಸ್ ರೀಡುಗಳಲ್ಲಿ. ಹಾಗಾಗಿ ಸೋರುವ ಪೆಟ್ಟಿಗೆಯಲ್ಲಿ ಶ್ರುತಿ ಮಾಡಿ, ಆಮೇಲೆ ಸೋರಿಕೆ ಮುಚ್ಚಿದರೆ ಮಾಡಿದ ಕೆಲಸವೆಲ್ಲ ದಂಡ. ಉಜ್ಜಿದ ಹಿತ್ತಾಳೆ ವಾಪಸ್ ಬರುವುದಿಲ್ಲವಲ್ಲ. ಅದಕ್ಕೇ ಈ ಲೇಖನದ ಕ್ರಮ ಹೀಗಿದೆ: ಮೊದಲು ಗಾಳಿ, ಆಮೇಲೆ ಮನೆಗಳು (ಬೆರಳಿನಿಂದ ಒತ್ತುವ ಕರಿ, ಬಿಳಿ ಪಟ್ಟಿಗಳು), ಎಲ್ಲ ಮುಗಿದ ಮೇಲೆ ರೀಡು.

ಒಳಗೆ ಗಾಳಿ ಓಡಾಡುವ ದಾರಿ

ಪ್ಯಾರಿಸ್‌ನ ಅಲೆಕ್ಸಾಂಡರ್ ದೆಬೇನ್ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದಾಗ ಅದು ಕಾಲಲ್ಲಿ ತುಳಿಯುವ, ಸ್ಟೂಲ್ ಮೇಲೆ ಕೂತು ನುಡಿಸುವ ವಾದ್ಯ. ಕೋಲ್ಕತ್ತದ ದ್ವಾರಕಾನಾಥ ಘೋಷ್ 1875ರಲ್ಲಿ ಅದರ ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕೂತು ನುಡಿಸುವ ಕೈಪೆಟ್ಟಿಗೆ ಮಾಡಿದರು. ನಮ್ಮ ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳು ಮಾತ್ರ ಕಾಲುಪೆಟ್ಟಿಗೆಯನ್ನು ಬಿಡಲಿಲ್ಲ. ಎರಡು ಕೈಯೂ ಖಾಲಿ ಇರುತ್ತವೆ, ಸದ್ದೂ ದೊಡ್ಡದು. ಇಲ್ಲಿ ನಾನು ಹೇಳುವುದು ಕೈಪೆಟ್ಟಿಗೆಯ ವಿಷಯ. ಕಾಲುಪೆಟ್ಟಿಗೆಗೂ ಮುಕ್ಕಾಲು ಪಾಲು ಇದೇ ಅನ್ವಯ.

ಹಿಂದಿನ ತಿದಿಯನ್ನು ಎಳೆದಾಗ ಅದರ ಹಲಗೆಯ ತೂತುಗಳಿಂದ ಗಾಳಿ ಒಳಗೆ ಬರುತ್ತದೆ. ತೂತುಗಳ ಒಳಮಗ್ಗುಲಿಗೆ ಚರ್ಮದ ಒಂದು ಪಟ್ಟಿ ಇರುತ್ತದೆ. ತಿದಿ ಒತ್ತಿದಾಗ ಅದು ತೂತು ಮುಚ್ಚಿಕೊಳ್ಳುತ್ತದೆ. ಗಾಳಿ ಇನ್ನೊಂದು ಚರ್ಮದ ಕವಾಟ ದಾಟಿ ಪೆಟ್ಟಿಗೆಯ ತಳದಲ್ಲಿರುವ ಒಳತಿದಿಗೆ ಹೋಗುತ್ತದೆ. ಒಳತಿದಿಗೆ ಸ್ಪ್ರಿಂಗ್ ಇದೆ. ನೀವು ಕೈ ತೆಗೆದ ಮೇಲೂ ಒಂದೇ ಸಮನೆ ಗಾಳಿ ಒದಗಿಸುವುದು ಆ ಸ್ಪ್ರಿಂಗೇ. ಅಲ್ಲಿಂದ ಸ್ಟಾಪರ್‌ಗಳ (ಮುಂದೆ ಎಳೆಯುವ ಗುಂಡಿಗಳ) ದಾರಿ ಹಿಡಿದು ಗಾಳಿ ರೀಡಿನ ಕೋಣೆಗೆ ಏರುತ್ತದೆ. ರೀಡುಗಳು ರೀಡ್ ಹಲಗೆಯ ತಳಭಾಗಕ್ಕೆ ಸ್ಕ್ರೂ ಹಾಕಿ ಕೂತಿರುತ್ತವೆ. ಪ್ರತಿ ರೀಡಿನ ಮೇಲೆ ಹಲಗೆಯಲ್ಲಿ ಒಂದು ಕಿಂಡಿ, ಆ ಕಿಂಡಿಯನ್ನು ಮುಚ್ಚಿರುವುದು ಪ್ಯಾಲೆಟ್. ಮನೆಯನ್ನು ಬೆರಳಿನಿಂದ ಒತ್ತಿದಾಗ ಅದರ ಹಿಂತುದಿ ಏಳುತ್ತದೆ, ಪ್ಯಾಲೆಟ್ ತೆರೆಯುತ್ತದೆ, ಗಾಳಿ ರೀಡನ್ನು ನಡುಗಿಸಿಕೊಂಡು ಹೊರಗೆ ಹೋಗುತ್ತದೆ.

ರೀಡು ಅಂದರೆ ಹಿತ್ತಾಳೆಯ ತಗಡಿನಲ್ಲಿ ಒಂದು ಉದ್ದನೆಯ ಸೀಳು, ಆ ಸೀಳಿನ ಮೇಲೆ ಒಂದು ತುದಿಗೆ ರಿವೆಟ್ ಹೊಡೆದ ತೆಳ್ಳನೆಯ ನಾಲಿಗೆ. ಅಷ್ಟೇ. ಎರಡು ಸಾಲಿನ ಪೆಟ್ಟಿಗೆಯಲ್ಲಿ ಒಂದು ಸಾಲು ಬಾಸ್, ಇನ್ನೊಂದು ಅದಕ್ಕಿಂತ ಒಂದು ಸಪ್ತಕ ಮೇಲಿನ "ಮೇಲ್" (ಇಂಗ್ಲಿಷಿನ male). ಮೂರನೆಯ ಸಾಲಿದ್ದರೆ ಅದು ಬಹುಮಟ್ಟಿಗೆ ಇನ್ನೂ ಮೇಲಿನ ಫೀಮೇಲ್, ಇಲ್ಲವೇ ಇನ್ನೊಂದು ಬಾಸ್ ಅಥವಾ ಮೇಲ್.

ಕೈಗೆ ಬೇಕಾದ ಸಾಮಾನು

ಹಿಡಿಗೆ ಸರಿಹೊಂದುವ ಎರಡು ಸ್ಕ್ರೂಡ್ರೈವರ್, ಮೂತಿ ಕಿರಿದಾದ ಇಕ್ಕಳ, ಮೆತ್ತಗಿನ ಬ್ರಷ್, ನುಣುಪಾದ ಸಣ್ಣ ಅರ, ಟಾರ್ಚ್, ಅಗರಬತ್ತಿ. ಇದರ ಜೊತೆಗೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸರಿ ಮಾಡಲು ಬಳಸುವ ಫೀಲರ್ ಗೇಜ್ ಒಂದು ತಂದಿಟ್ಟುಕೊಳ್ಳಿ. ಅದರ 0.05 ಮಿ.ಮೀ. ಎಲೆ ರೀಡಿನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮರಕ್ಕೆ ಫೆವಿಕಾಲ್ ಸಾಕು. ಚರ್ಮಕ್ಕೆ ಮತ್ತು ತಿದಿಯ ಬಟ್ಟೆಗೆ ಒಣಗಿದ ಮೇಲೂ ಬಾಗುವ ರಬ್ಬರ್ ಅಂಟು ಬೇಕು. ಹಳೆಯ ಕಸುಬಿನವರು ಎಲ್ಲದಕ್ಕೂ ಮರವಜ್ರವನ್ನೇ ಕಾಯಿಸಿ ಹಚ್ಚುತ್ತಿದ್ದರು. ಬಿಸಿನೀರು ತಾಗಿಸಿದರೆ ಅದು ಬಿಡುತ್ತದೆ, ಮುಂದಿನ ರಿಪೇರಿಯವನಿಗೆ ದೊಡ್ಡ ಉಪಕಾರ. ತಕ್ಷಣ ಕಲ್ಲಾಗುವ ಸೂಪರ್ ಗ್ಲೂ, ಎಂ-ಸೀಲ್ ಇವನ್ನು ಪೆಟ್ಟಿಗೆಯ ಹತ್ತಿರ ತರಲೇಬೇಡಿ.

ಇನ್ನೊಂದು ಮಾತು. ಹಿತ್ತಾಳೆ ಅಂದ ತಕ್ಷಣ ಹುಣಸೆಹಣ್ಣು ನೆನಪಾಗುತ್ತದೆ, ಅಲ್ವಾ? ದೇವರ ದೀಪಕ್ಕೆ ಸರಿ, ರೀಡಿಗೆ ಬೇಡ. ಹುಳಿ ರಿವೆಟ್ಟಿನ ಸಂದಿಯಲ್ಲಿ ಉಳಿದು ನಾಲಿಗೆಯನ್ನು ಬುಡದಲ್ಲೇ ತಿನ್ನುತ್ತದೆ. ಪಾತ್ರೆ ಬೆಳಗುವ ಪುಡಿ, ಮೆಟಲ್ ಪಾಲಿಶ್, ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಯಾವುದೂ ಬೇಡ. ಎಣ್ಣೆ ತಾಗಿದ ರೀಡು ಮಾರನೆಯ ದಿನದಿಂದಲೇ ಧೂಳು ಹಿಡಿಯಲು ಶುರು ಮಾಡುತ್ತದೆ.

ಬಿಚ್ಚುವುದು

ಒಂದು ಪೆಟ್ಟಿಗೆ ಇದ್ದ ಹಾಗೆ ಇನ್ನೊಂದಿಲ್ಲ. ದಿಲ್ಲಿ, ಕೋಲ್ಕತ್ತ, ಮುಂಬೈ ಕಡೆಯ ತಯಾರಿಕೆಗಳಲ್ಲಿ ಸ್ಕ್ರೂ ಇರುವ ಜಾಗವೇ ಬೇರೆ ಬೇರೆ. ಹಾಗಾಗಿ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಸ್ಕ್ರೂಗಳನ್ನು ಹಾಕಿಡಲು ಇಡ್ಲಿ ತಟ್ಟೆ ಬಹಳ ಒಳ್ಳೆಯದು. ಮುಚ್ಚಳದ ಸ್ಕ್ರೂ ಒಂದು ಗುಳಿಗೆ, ರೀಡ್ ಹಲಗೆಯದು ಇನ್ನೊಂದಕ್ಕೆ.

ಮೊದಲು ಮೇಲಿನ ಮುಚ್ಚಳ ಮತ್ತು ಜಾಲರಿಯ ಹಲಗೆ ತೆಗೆಯಿರಿ. ಮನೆಗಳು, ಅವುಗಳ ಹಿಂದೆ ಸ್ಪ್ರಿಂಗುಗಳ ಸಾಲು ಕಾಣುತ್ತದೆ. ಇಲ್ಲಿ ಕಪ್ಲರ್ (ಒಂದು ಮನೆ ಒತ್ತಿದರೆ ಇನ್ನೊಂದು ಸಪ್ತಕದ ಅದೇ ಮನೆಯನ್ನೂ ಇಳಿಸುವ ಜೋಡಣೆ) ಇದ್ದರೆ ಅದರ ತಂತಿಗಳನ್ನು ಮುಟ್ಟಬೇಡಿ, ಸುಮ್ನೆ ನೋಡಿಕೊಳ್ಳಿ. ಆಮೇಲೆ ರೀಡ್ ಹಲಗೆಯನ್ನು ಹಿಡಿದಿರುವ ಸ್ಕ್ರೂ ಅಥವಾ ಕೊಂಡಿಗಳನ್ನು ಬಿಡಿಸಿ. ಮನೆಗಳ ಸಮೇತ ಇಡೀ ಹಲಗೆ ಮೇಲಕ್ಕೆ ಬರುತ್ತದೆ, ಕೆಲವು ಪೆಟ್ಟಿಗೆಯಲ್ಲಿ ಒಂದು ಕಡೆ ಕೀಲು ಇದ್ದು ಬಾಗಿಲಿನಂತೆ ತೆರೆಯುತ್ತದೆ. ಬರದಿದ್ದರೆ ಬಲವಂತ ಮಾಡಬೇಡಿ, ಎಲ್ಲೋ ಒಂದು ಸ್ಕ್ರೂ ಉಳಿದಿದೆ ಎಂದೇ ಅರ್ಥ. ಹಲಗೆಯನ್ನು ಮಗುಚಿದರೆ ರೀಡುಗಳು ಕಾಣುತ್ತವೆ. ಅದನ್ನು ಯಾವತ್ತೂ ರೀಡು ಕೆಳಗಾಗಿ ಮೇಜಿನ ಮೇಲೆ ಇಡಬೇಡಿ. ಎರಡು ಬದಿಗೂ ಪುಸ್ತಕ ಕೊಟ್ಟು ಎತ್ತರಿಸಿ.

ಗಾಳಿ: ಅರ್ಧ ಕಾಯಿಲೆ ಇಲ್ಲೇ

ಈ ಪರೀಕ್ಷೆಯನ್ನು ಪೆಟ್ಟಿಗೆ ಬಿಚ್ಚುವ ಮೊದಲೇ ಮಾಡಬಹುದು. ಸ್ಟಾಪರ್ ಎಲ್ಲ ಮುಚ್ಚಿ ತಿದಿ ಹಾಕಿ. ಒಳತಿದಿ ತುಂಬಿದ ಮೇಲೆ ಹೊರತಿದಿ ಕೈಗೆ ಗಟ್ಟಿಯಾಗಿ ಸಿಗಬೇಕು. ಮೆತ್ತಗೆ ಒಳಗೆ ಹೋಗುತ್ತಲೇ ಇದ್ದರೆ ತಿದಿಗಳಲ್ಲೇ ಸೋರಿಕೆ. ಗಟ್ಟಿಯಾಗಿದ್ದರೆ ಈಗ ಸ್ಟಾಪರ್ ತೆರೆಯಿರಿ, ಯಾವ ಮನೆಯನ್ನೂ ಒತ್ತಬೇಡಿ. ಈಗ ಮೆತ್ತಗಾದರೆ ಸೋರಿಕೆ ಮೇಲೆ ಇದೆ: ರೀಡ್ ಹಲಗೆಯ ಅಂಚಿನಲ್ಲಿ, ಇಲ್ಲವೇ ಪ್ಯಾಲೆಟ್‌ಗಳಲ್ಲಿ. ಈ ಒಂದು ಪರೀಕ್ಷೆ ಅರ್ಧ ದಿನದ ಹುಡುಕಾಟ ಉಳಿಸುತ್ತದೆ.

ತಿದಿಯಲ್ಲೇ ಎಂದು ಗೊತ್ತಾದರೆ ಅಂಗೈಯನ್ನು ಹಿಂದಿನ ಹಲಗೆಯ ತೂತುಗಳ ಎದುರು ಹಿಡಿದು ತಿದಿ ಒತ್ತಿ. ಕೈಗೆ ಗಾಳಿ ತಾಗಿದರೆ ಹೊರಗಿನ ಕವಾಟದ ಚರ್ಮ ಸೊಟ್ಟಗಾಗಿದೆ. ಹಾಗಲ್ಲದೆ, ಒತ್ತಿದ ತಿದಿ ತಾನಾಗಿ ಹಿಂದಕ್ಕೆ ನೂಕಿಕೊಂಡು ಬಂದರೆ ಒಳಗಿನ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಒಳತಿದಿಯ ಗಾಳಿ ವಾಪಸ್ ಬರುತ್ತಿದೆ. ಎರಡಕ್ಕೂ ಮದ್ದು ಒಂದೇ. ಹಳೆಯ ಚರ್ಮ ತೆಗೆದು, ಅದೇ ಅಳತೆಯ ತೆಳ್ಳನೆಯ ಮೆತ್ತಗಿನ ಕುರಿಚರ್ಮ ಹಾಕಿ. ಒರಟು ಮಗ್ಗುಲು ತೂತಿನ ಕಡೆ ಇರಲಿ. ಅಂಟು ಎರಡು ತುದಿಗೆ ಮಾತ್ರ. ಬಿಗಿಯಾಗಿ ಎಳೆದು ಅಂಟಿಸಿದರೆ ಏಳುವುದೇ ಇಲ್ಲ, ತೀರಾ ಸಡಿಲವಾದರೆ ಪಟಪಟ ಸದ್ದು ಮಾಡುತ್ತದೆ. ಒಂದು ಬೆರಳಿನ ಉಗುರು ನುಸುಳುವಷ್ಟು ಸಡಿಲ ಇದ್ದರೆ ಸರಿ.

ಮಡಿಕೆಗಳಲ್ಲಿ ಸೋರುತ್ತಿದ್ದರೆ ಅಗರಬತ್ತಿ ಹಚ್ಚಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಒಬ್ಬರು ತಿದಿ ತುಂಬಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಹೊಗೆಯನ್ನು ಮಡಿಕೆಯ ಅಂಚಿನಗುಂಟ ನಿಧಾನವಾಗಿ ಒಯ್ಯಲಿ. ಕೆಂಡ ಬಟ್ಟೆಗೆ ತಾಗದ ಹಾಗೆ ನಾಲ್ಕು ಬೆರಳು ದೂರ ಇರಲಿ. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಜಾಗದಲ್ಲಿ ಹಠಾತ್ತಾಗಿ ಚದುರುತ್ತದೆ. ಅಲ್ಲೇ ತೂತು. ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಂದಕ್ಕೆ ಹೋಗಿ. ಮಡಿಕೆಯ ಮೂಲೆಗಳನ್ನು ಎರಡೆರಡು ಸಲ ನೋಡಿ, ಮುಕ್ಕಾಲು ಪಾಲು ಸೋರಿಕೆ ಅಲ್ಲಿಯೇ. ಪ್ರತಿ ಸಲ ಬಾಗುವುದು ಮೂಲೆಯ ಚರ್ಮ, ಮೊದಲು ಸವೆಯುವುದೂ ಅದೇ. ತೇಪೆಗೆ ದಪ್ಪ ರೆಕ್ಸಿನ್ ಬಳಸಿದರೆ ತಿದಿ ಪೂರ್ತಿ ಮುಚ್ಚುವುದಿಲ್ಲ. ತೆಳು ಚರ್ಮವನ್ನು ಅಂಚಿನಲ್ಲಿ ಇನ್ನೂ ಕೆರೆದು ತೆಳ್ಳಗೆ ಮಾಡಿ, ತಿದಿಯನ್ನು ಅರ್ಧ ತೆರೆದಿಟ್ಟು ಅಂಟಿಸಿ, ಒಂದು ರಾತ್ರಿ ಬಿಡಿ. ಇಲಿ ಕಡಿದ ತಿದಿಗೆ ತೇಪೆ ಹಾಕುತ್ತಾ ಕೂರಬೇಡಿ. ಹೊಸ ತಿದಿಯನ್ನೇ ಮಾಡಿಸಿ.

ರೀಡ್ ಹಲಗೆಯ ಅಂಚು ಪರೀಕ್ಷಿಸಲು ಒಂದು ಕಾಗದದ ಚೂರು ಸಾಕು. ಅಂಚಿನ ಚರ್ಮದ ಮೇಲೆ ಕಾಗದ ಇಟ್ಟು ಹಲಗೆ ಕೂರಿಸಿ, ಬಿಗಿ ಮಾಡಿ, ಕಾಗದ ಎಳೆಯಿರಿ. ಜಾರಿಕೊಂಡು ಬಂದರೆ ಅಲ್ಲಿ ಬಿಗಿ ಸಾಲದು. ಸುತ್ತಲೂ ಹೀಗೆ ನೋಡಿ, ಸಡಿಲ ಇರುವ ಕಡೆ ಚರ್ಮದ ಕೆಳಗೆ ತೆಳು ಕಾಗದದ ಪಟ್ಟಿ ಕೊಟ್ಟು ಎತ್ತರಿಸಿ.

ಮನೆಗಳು

ಬೆರಳು ಇಡದೆಯೇ ಒಂದು ಸ್ವರ ಕೂಗುತ್ತಿದ್ದರೆ ಅದರ ಪ್ಯಾಲೆಟ್ ಮುಚ್ಚಿಲ್ಲ. ಕಾರಣ ನಾಲ್ಕೈದು ಇರಬಹುದು. ಚರ್ಮಕ್ಕೆ ಕಸ ಅಂಟಿರಬಹುದು. ಚರ್ಮದ ಮೇಲೆ ಕಿಂಡಿಯ ಅಚ್ಚು ಆಳವಾಗಿ ಬಿದ್ದು, ಮನೆ ಒಂದು ಕೂದಲಷ್ಟು ಪಕ್ಕಕ್ಕೆ ಜರುಗಿರಬಹುದು. ಸ್ಪ್ರಿಂಗ್ ಸೋತಿರಬಹುದು. ಪಕ್ಕದ ಮನೆಗೆ ಉಜ್ಜಿಕೊಂಡು ಅರ್ಧದಲ್ಲೇ ನಿಂತಿರಬಹುದು.

ಮಲೆನಾಡು, ಕರಾವಳಿಯವರಿಗೆ ಈ ಕೊನೆಯ ಕಾಯಿಲೆ ಚೆನ್ನಾಗಿ ಗೊತ್ತು. ಆಷಾಢದ ಮಳೆ ಹಿಡಿದರೆ ಮರ ಉಬ್ಬುತ್ತದೆ, ಮನೆಗಳು ಸಿಕ್ಕಿಕೊಳ್ಳುತ್ತವೆ. ಆಗ ಅರ ಹಿಡಿದು ಮರ ಉಜ್ಜುವುದು ಅವಸರದ ಕೆಲಸ. ಅದೇ ಮರ ಮಾಘದಲ್ಲಿ ಒಣಗಿ ಕುಗ್ಗಿದಾಗ ಮನೆ ಕಟಕಟ ಅಲ್ಲಾಡುತ್ತದೆ. ಮೊದಲು ಒಣಗಿಸಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕೆಲವು ದಿನ ಮುಚ್ಚಿಡಿ. ಹಿಂದೆಲ್ಲ ಕಪಾಟಿನಲ್ಲಿ ಒಂದು ಬಲ್ಬು ಉರಿಸಿಡುತ್ತಿದ್ದರು. ಈಗಿನ ಎಲ್‌ಇಡಿ ಬಲ್ಬಿಗೆ ಆ ಬಿಸಿ ಎಲ್ಲಿಂದ ಬರಬೇಕು! ಒಣಗಿದ ಮೇಲೂ ಉಜ್ಜಿದರೆ, ಎರಡು ಮನೆಗಳ ನಡುವೆ ಕಾಗದ ತೂರಿಸಿ ಎಲ್ಲಿ ಸಿಗುತ್ತದೆ ನೋಡಿ, ಅಲ್ಲಿ ಮಾತ್ರ ನಯವಾದ ಮರಳು ಕಾಗದ ಆಡಿಸಿ.

ಮನೆ ತೆಗೆಯಬೇಕಾದರೆ ಮೊದಲು ಪೆನ್ಸಿಲಿನಲ್ಲಿ ನಂಬರ್ ಬರೆಯಿರಿ. ಸ್ಪ್ರಿಂಗನ್ನು ಇಕ್ಕಳದಲ್ಲಿ ಹಿಡಿದು ಪಕ್ಕಕ್ಕೆ ಸರಿಸಿ, ಮನೆಯನ್ನು ನೆಟ್ಟಗೆ ಮೇಲಕ್ಕೆ ಎತ್ತಿ. ಪ್ಯಾಲೆಟ್ಟಿನ ಚರ್ಮ ಗಟ್ಟಿಯಾಗಿದ್ದರೆ ಸೂಜಿಯ ಮೊನೆಯಿಂದ ಕೆರೆದು ನಾರು ಎಬ್ಬಿಸಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಹುಳ ತಿಂದಿದ್ದರೆ ಹೊಸದು. ಒಂದೆರಡಕ್ಕೆ ಮಾತ್ರ ಹೊಸ ಚರ್ಮ ಹಾಕಿದರೆ ಆ ಮನೆಗಳು ಉಳಿದವುಗಳ ಮಟ್ಟಕ್ಕೆ ಕೂರದೆ ಎತ್ತರ-ತಗ್ಗಾಗಿ ಕಾಣುತ್ತವೆ. ಹಾಕುವುದಾದರೆ ಇಡೀ ಸಾಲಿಗೆ ಹಾಕಿ. ಬೇಸರದ ಕೆಲಸ, ಒಂದು ಇಡೀ ಭಾನುವಾರ ಹೋಗುತ್ತದೆ.

ಸೋತ ಸ್ಪ್ರಿಂಗನ್ನು ಸ್ವಲ್ಪ ಬಗ್ಗಿಸಿದರೆ ಮತ್ತೆ ಬಿಗಿ ಬರುತ್ತದೆ. ಆದರೆ ಎಲ್ಲ ಮನೆಗೂ ಒಂದೇ ಬಿಗಿ ಇರಬೇಕು. ತೂಕ ನೋಡಲು ರೂಪಾಯಿ ನಾಣ್ಯಗಳನ್ನು ಮನೆಯ ತುದಿಯಲ್ಲಿ ಒಂದರ ಮೇಲೊಂದು ಇಡಿ. ಎಷ್ಟು ನಾಣ್ಯಕ್ಕೆ ಮನೆ ಇಳಿಯುತ್ತದೆ ಎಂದು ಸಾಲಾಗಿ ಬರೆದುಕೊಂಡರೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಕಣ್ಣಿಗೇ ಕಾಣುತ್ತದೆ. ಕರಿಮನೆ, ಬಿಳಿಮನೆಗಳ ಲೆಕ್ಕ ಬೇರೆ ಬೇರೆ ಇಡಿ.

ರೀಡು

ಇಲ್ಲಿಯವರೆಗೆ ಬಂದಿದ್ದೀರಿ, ಗಾಳಿ ಬಿಗಿಯಾಗಿದೆ, ಮನೆಗಳು ಮುಚ್ಚುತ್ತಿವೆ. ಈಗ ಒಂದೊಂದೇ ಸ್ವರ ನುಡಿಸಿ, ಯಾವುದಕ್ಕೆ ಏನು ಎಂದು ಚೀಟಿಯಲ್ಲಿ ಬರೆದುಕೊಳ್ಳಿ.

ಸ್ವರವೇ ಬರದಿದ್ದರೆ ಬಹುತೇಕ ಧೂಳಿನ ಕಣ. ಫೀಲರ್ ಗೇಜಿನ ಎಲೆಯನ್ನು ನಾಲಿಗೆಯ ಅಂಚಿನಗುಂಟ ಸೀಳಿನಲ್ಲಿ ಬುಡದಿಂದ ತುದಿಯ ಕಡೆಗೆ ಒಮ್ಮೆ ಎಳೆಯಿರಿ, ಬ್ರಷ್ ಆಡಿಸಿ. ಆಮೇಲೆ ಉಗುರಿನಲ್ಲಿ ನಾಲಿಗೆಯ ತುದಿಯನ್ನು ಮೆಲ್ಲಗೆ ಮೀಟಿ. "ಟಿಂಗ್" ಎಂದು ಸ್ವಲ್ಪ ಹೊತ್ತು ಮೊಳಗಿದರೆ ಆರೋಗ್ಯವಾಗಿದೆ. "ಟಕ್" ಎಂದು ನಿಂತರೆ ಎಲ್ಲೋ ತಾಗುತ್ತಿದೆ, ಇಲ್ಲವೇ ಬುಡದಲ್ಲಿ ಬಿರುಕು ಬಿಟ್ಟಿದೆ. ಚೆನ್ನಾಗಿದ್ದ ಸ್ವರ ಕೆಲವೇ ದಿನದಲ್ಲಿ ಅರ್ಧ ಸ್ವರದಷ್ಟು ಇಳಿದುಬಿಟ್ಟರೆ ಅದು ಬಿರುಕಿನದೇ ಲಕ್ಷಣ. ಅದನ್ನು ಉಜ್ಜಿ ಮೇಲೆ ತರಲು ಹೋಗಬೇಡಿ, ಮುರಿಯುತ್ತದೆ. ಹೊಸ ರೀಡು ಹಾಕಿ. ಭಾರತದಲ್ಲಿ ರೀಡಿಗೆ ಹೆಸರಾದ ಊರು ಗುಜರಾತಿನ ಪಾಲಿತಾಣಾ. ವಾದ್ಯದ ಅಂಗಡಿಗೆ ಹೋಗುವಾಗ ಹಳೆಯ ರೀಡನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ತಗಡಿನ ಉದ್ದಗಲ ಹೊಂದಬೇಕು. ನಿಮ್ಮದು ಹಳೆಯ ಜರ್ಮನ್ ಅಥವಾ ಪ್ಯಾರಿಸ್ ರೀಡಿನ ಪೆಟ್ಟಿಗೆಯಾಗಿದ್ದರೆ "ಎಲ್ಲ ರೀಡೂ ಹೊಸದು ಹಾಕಿಕೊಡುತ್ತೇನೆ" ಎನ್ನುವವರಿಂದ ದೂರ ಇರಿ.

ಗರಗರ ಎಂದರೆ ಮೊದಲು ತಗಡಿನ ಎರಡೂ ಸ್ಕ್ರೂ ಬಿಗಿ ಮಾಡಿ ನೋಡಿ. ಆಗಲೂ ಇದ್ದರೆ ರೀಡನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ನಾಲಿಗೆಯ ಎರಡು ಬದಿಗೂ ಕೂದಲೆಳೆಯಷ್ಟು ಬೆಳಕಿನ ಗೆರೆ ಸಮನಾಗಿ ಕಾಣಬೇಕು. ಒಂದು ಕಡೆ ಗೆರೆ ಇಲ್ಲದಿದ್ದರೆ ನಾಲಿಗೆ ಆ ಕಡೆಗೆ ವಾಲಿದೆ. ರಿವೆಟ್ಟಿನ ಹತ್ತಿರ ಬದಿಯಿಂದ ಸಣ್ಣ ಸ್ಕ್ರೂಡ್ರೈವರ್ ಆನಿಸಿ ಒಂಚೂರು ನೂಕಿ.

ತಡವಾಗಿ ಸ್ವರ ಕೊಡುವ ರೀಡಿಗೆ ತೆರಪು ನೋಡಬೇಕು. ನಾಲಿಗೆಯ ತುದಿ ತಗಡಿನಿಂದ ಹೆಚ್ಚುಕಡಿಮೆ ತನ್ನ ದಪ್ಪದಷ್ಟೇ ಎತ್ತರದಲ್ಲಿ ನಿಂತಿರಬೇಕು. ತೀರಾ ತಗ್ಗಿದರೆ ಗಾಳಿ ಅದನ್ನು ಒತ್ತಿ ಮುಚ್ಚಿಬಿಡುತ್ತದೆ, ಸ್ವರವೇ ಏಳುವುದಿಲ್ಲ. ತೀರಾ ಎತ್ತರವಾದರೆ ಗಾಳಿ ಜಾಸ್ತಿ ಕೇಳುತ್ತದೆ, ಮೆಲ್ಲಗೆ ನುಡಿಸಿದಾಗ ಬಾಯಿ ಬಿಡುವುದಿಲ್ಲ. ಬಗ್ಗಿಸುವಾಗ ಬುಡದಲ್ಲಿ ಮಡಿಕೆ ಬೀಳದ ಹಾಗೆ, ಇಡೀ ನಾಲಿಗೆ ಹದವಾಗಿ ಬಾಗುವ ಹಾಗೆ ಬೆರಳಿನಿಂದ ಸವರಿ.

ಕಿಲುಬು ಹಿಡಿದಿದ್ದರೆ ಒಣ ಬ್ರಷ್, ಅದಕ್ಕೂ ಹೋಗದಿದ್ದರೆ ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್. ಕಿಲುಬು ಮತ್ತು ಧೂಳು ತುದಿಗೆ ಭಾರ ಹಾಕಿ ಸ್ವರ ಇಳಿಸುತ್ತವೆ. ತೊಳೆದ ಮೇಲೆ ಎಷ್ಟೋ ರೀಡು ತಾವಾಗಿ ಶ್ರುತಿಗೆ ಮರಳುತ್ತವೆ. ಅದಕ್ಕೇ ತೊಳೆಯುವ ಮೊದಲು ಉಜ್ಜಬಾರದು.

ಈಗ ಉಜ್ಜುವ ಕೆಲಸ. ನಿಯಮ ಎರಡೇ. ತುದಿಯಲ್ಲಿ ಉಜ್ಜಿದರೆ ಭಾರ ಕಡಿಮೆಯಾಗಿ ಸ್ವರ ಏರುತ್ತದೆ. ಬುಡದಲ್ಲಿ, ರಿವೆಟ್ಟಿನ ಹತ್ತಿರ ಉಜ್ಜಿದರೆ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ.

ಒಂದು ರೀಡನ್ನೇ ತೆಗೆದುಕೊಳ್ಳೋಣ. ಮಧ್ಯ ಸಪ್ತಕದ ಪಂಚಮ, ಮೊಬೈಲಿನ ಟ್ಯೂನರ್ ಅದನ್ನು 6 ಸೆಂಟ್ ಕೆಳಗೆ ತೋರಿಸುತ್ತಿದೆ ಅನ್ನಿ. ಒಂದು ಅರ್ಧ ಸ್ವರಕ್ಕೆ 100 ಸೆಂಟ್, ಹಾಗಾಗಿ ಇದು ಸಣ್ಣ ವ್ಯತ್ಯಾಸ. ಫೀಲರ್ ಗೇಜಿನ ಎಲೆಯನ್ನು ನಾಲಿಗೆಯ ಕೆಳಗೆ ತೂರಿಸಿ, ತುದಿಗೆ ಆಸರೆ ಸಿಗಲಿ. ಅರದ ಮೂಲೆಯಿಂದ ತುದಿಯ ಕೊನೆಯ ಎರಡು ಮೂರು ಮಿಲಿಮೀಟರಿನಲ್ಲಿ ಮೂರು ಸಲ, ಹಗುರವಾಗಿ, ಉದ್ದಕ್ಕೆ ಎಳೆಯಿರಿ. ಅಡ್ಡಕ್ಕೆ ಎಳೆದ ಗೀರು ಮುಂದೆ ಬಿರುಕಿಗೆ ದಾರಿ. ಹಿತ್ತಾಳೆಯ ಪುಡಿ ಸಣ್ಣಗೆ ಮಿನುಗುತ್ತದೆ, ಅದನ್ನು ಬ್ರಷ್‌ನಿಂದ ಗುಡಿಸಿ. ಎಲೆ ಹೊರಗೆ ತೆಗೆಯಿರಿ. ಲೋಹ ಕೈ ತಾಗಿ, ಉಜ್ಜಿ ಬಿಸಿಯಾಗಿರುತ್ತದೆ, ಒಂದು ನಿಮಿಷ ಬಿಡಿ. ಹಲಗೆಯನ್ನು ಪೆಟ್ಟಿಗೆಗೆ ಕೂರಿಸಿ, ಬಿಗಿ ಮಾಡಿ, ಯಾವಾಗಲೂ ನುಡಿಸುವಷ್ಟೇ ಗಾಳಿಯಲ್ಲಿ ಸ್ವರ ನೋಡಿ. ಹಲಗೆ ಹೊರಗಿದ್ದಾಗ ಬಾಯಿಂದ ಊದಿ ನೋಡಿದ ಲೆಕ್ಕ ಪೆಟ್ಟಿಗೆಯೊಳಗೆ ನಿಲ್ಲುವುದಿಲ್ಲ. ಇನ್ನೂ 3 ಸೆಂಟ್ ಕಡಿಮೆ ಇದ್ದರೆ ಮತ್ತೆ ಬಿಚ್ಚಿ, ಮತ್ತೆ ಮೂರು ಎಳೆತ. ಹೌದು, ಪ್ರತಿ ಸಲ ಬಿಚ್ಚಬೇಕು. ಈ ಕೆಲಸಕ್ಕೆ ಕೂಲಿ ಜಾಸ್ತಿ ಕೇಳುವುದು ಇದಕ್ಕೇ.

ಬಾಸ್ ರೀಡಿನ ಉದ್ದ ನಾಲಿಗೆ ಉಜ್ಜಿದಷ್ಟೂ ಜಗ್ಗುವುದಿಲ್ಲ. ತಾರದ ಗಿಡ್ಡ ರೀಡುಗಳು ಒಂದೇ ಎಳೆತಕ್ಕೆ ಗುರಿ ದಾಟಿಬಿಡುತ್ತವೆ, ಅಲ್ಲಿ ಅರದ ಬದಲು ನಯವಾದ ಮರಳು ಕಾಗದ ಸಾಕು. ಮೊದಲು ಮೇಲ್ ಸಾಲನ್ನು ಟ್ಯೂನರ್ ನೋಡಿ ಪೂರ್ತಿ ಮಾಡಿ. ಆಮೇಲೆ ಬಾಸ್ ಸ್ಟಾಪರ್ ತೆರೆದು ಎರಡನ್ನೂ ಒಟ್ಟಿಗೆ ಕೇಳಿ. ಸ್ವರ "ವ್ವಾ... ವ್ವಾ..." ಎಂದು ತೂಗಿದರೆ ಎರಡೂ ಕೂಡಿಲ್ಲ. ತೂಗಾಟ ನಿಧಾನವಾಗುತ್ತಾ ನಿಂತುಹೋಗುವ ತನಕ ಬಾಸ್ ರೀಡನ್ನು ಸರಿ ಮಾಡಿ. ಈ ಹಂತದಲ್ಲಿ ಟ್ಯೂನರಿಗಿಂತ ಕಿವಿ ಮೇಲು.

ಬೇಕಾದ ಹಾಗೆ ಬದಲಾಯಿಸಿಕೊಳ್ಳುವುದು

ಸುಲಭದ್ದು ಮೊದಲು. ಮುಂದೆ ಎಳೆಯುವ ಗುಂಡಿಗಳಲ್ಲಿ ಕೆಲವು ಡ್ರೋನ್‌ಗೆ (ಒಂದೇ ಸಮನೆ ಮೊಳಗುವ ಸ್ವರಕ್ಕೆ) ಇರುತ್ತವೆ, ಸಾಮಾನ್ಯವಾಗಿ ಕರಿಮನೆಗಳ ಸ್ವರಕ್ಕೆ. ನಿಮ್ಮ ಷಡ್ಜ ಬಿಳಿ ನಾಲ್ಕು (ಸಪ್ತಕದ ನಾಲ್ಕನೆಯ ಬಿಳಿಮನೆ) ಆಗಿದ್ದರೆ ಅವು ದಂಡಕ್ಕೆ ಇರುತ್ತವೆ. ಆ ರೀಡುಗಳನ್ನು ತೆಗೆದು ನಿಮ್ಮ ಸ, ಪ ರೀಡು ಹಾಕಿಕೊಳ್ಳಬಹುದು. ತಗಡಿನ ಅಳತೆ ಒಂದೇ ಇದ್ದರೆ ಸ್ಕ್ರೂ ಬಿಚ್ಚಿ ಹಾಕಿದಷ್ಟೇ ಕೆಲಸ. ಸದ್ದು ಚುಚ್ಚುತ್ತದೆ ಅನಿಸಿದರೆ ಜಾಲರಿಯ ಒಳಗೆ ತೆಳು ಹತ್ತಿಬಟ್ಟೆ ಬಿಗಿದು ನೋಡಿ. ಮನೆ ಬಿಟ್ಟಾಗ ಟಕಟಕ ಎನ್ನುವುದಾದರೆ ಕೆಳಗಿನ ಫೆಲ್ಟ್ ಬದಲಾಯಿಸಿ. ಒಳತಿದಿಯ ಸ್ಪ್ರಿಂಗಿಗೆ ಮಾತ್ರ ಕೈ ಹಾಕಬೇಡಿ. ಅದು ಬದಲಾದರೆ ಒತ್ತಡ ಬದಲಾಗಿ ಮಾಡಿದ ಶ್ರುತಿ ಎಲ್ಲ ಹೋಯಿತು.

ದೊಡ್ಡ ಬದಲಾವಣೆ ಎಂದರೆ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಸಮಭಾಗದ ಶ್ರುತಿಯನ್ನು ಬಿಟ್ಟು ಗಾಯಕರ ಕಿವಿಗೆ ಒಪ್ಪುವ ಸ್ವರಸ್ಥಾನಕ್ಕೆ ತರುವುದು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿ 1971ರ ತನಕ ಹೊರಗಿಟ್ಟದ್ದಕ್ಕೆ ಈ ಸಮಭಾಗದ ಶ್ರುತಿಯೂ ಒಂದು ಕಾರಣ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ ಎನ್ನುವುದು ಇನ್ನೊಂದು. ಮೀಂಡ್‌ಗೆ ನಾವು ಏನೂ ಮಾಡಲಾಗದು. ಸ್ವರಸ್ಥಾನಕ್ಕೆ ಮಾಡಬಹುದು.

ಷಡ್ಜವನ್ನು ಸೊನ್ನೆ ಎಂದಿಟ್ಟುಕೊಂಡು ಟ್ಯೂನರ್ ತೋರಿಸುವ ಸಮಭಾಗದ ಸ್ವರಕ್ಕಿಂತ ಎಷ್ಟು ಸೆಂಟ್ ಜರುಗಿಸಬೇಕು ಎನ್ನುವುದು ಹೀಗೆ: ಶುದ್ಧ ರಿ 4 ಮೇಲೆ, ಶುದ್ಧ ಗ 14 ಕೆಳಗೆ, ಶುದ್ಧ ಮ 2 ಕೆಳಗೆ, ಪ 2 ಮೇಲೆ, ಶುದ್ಧ ಧ 16 ಕೆಳಗೆ, ಶುದ್ಧ ನಿ 12 ಕೆಳಗೆ. ಕೋಮಲ ರಿ 12 ಮೇಲೆ, ಕೋಮಲ ಗ 16 ಮೇಲೆ, ಕೋಮಲ ಧ 14 ಮೇಲೆ, ತೀವ್ರ ಮ 10 ಕೆಳಗೆ. ಕೋಮಲ ನಿ 18 ಮೇಲೆ ಇಡುವವರಿದ್ದಾರೆ, 4 ಕೆಳಗೆ ಇಡುವವರೂ ಇದ್ದಾರೆ. ನೀವು ಜಾಸ್ತಿ ನುಡಿಸುವ ರಾಗ ನೋಡಿ ತೀರ್ಮಾನಿಸಿ. ಶುದ್ಧ ಗಾಂಧಾರವನ್ನು ತಂಬೂರಿಯ ಜೊತೆ ಹೀಗೆ ಕೂಡಿಸಿ ಕೇಳಿದವರಿಗೆ ಹಳೆಯ ಗಾಂಧಾರ ಆಮೇಲೆ ಚುರುಕ್ ಎನ್ನುತ್ತದೆ.

ಆದರೆ ಇದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಪೆಟ್ಟಿಗೆ ಒಂದೇ ಷಡ್ಜಕ್ಕೆ ಕಟ್ಟುಬೀಳುತ್ತದೆ. ಕಪ್ಪು ಒಂದಕ್ಕೆ ಹೀಗೆ ಶ್ರುತಿ ಮಾಡಿದಿರಿ ಅನ್ನಿ. ನಾಳೆ ಬಂದ ಗಾಯಕಿ ಬಿಳಿ ನಾಲ್ಕು ಕೇಳುತ್ತಾರೆ. ಆಕೆಯ ಷಡ್ಜ ನಿಮ್ಮ ಶುದ್ಧ ಗ, ಅದು 14 ಕೆಳಗಿದೆ. ಆಕೆಯ ಗಾಂಧಾರ ನಿಮ್ಮ ಕೋಮಲ ಧ, ಅದು 14 ಮೇಲಿದೆ. ಎರಡರ ನಡುವಿನ ಅಂತರ 428 ಸೆಂಟ್, ಬೇಕಾದದ್ದು 386. ಗಾಂಧಾರ 42 ಸೆಂಟ್ ಮೇಲೆ ಕೂಗುತ್ತದೆ, ಕೇಳಲಾಗುವುದಿಲ್ಲ. ಹಾಗಾಗಿ ಒಬ್ಬರೇ ಹಾಡಿಕೊಳ್ಳುವವರು, ಒಂದೇ ಶ್ರುತಿಯಲ್ಲಿ ರಿಯಾಜ್ ಮಾಡುವವರು ಮಾಡಿಸಿಕೊಳ್ಳಿ. ಭಜನಾ ಮಂಡಳಿಯ, ಶಾಲೆಯ, ನಾಟಕದ ಪೆಟ್ಟಿಗೆಗೆ ಇದು ಬೇಡವೇ ಬೇಡ. ಸ್ಕೇಲ್ ಚೇಂಜರ್ ಪೆಟ್ಟಿಗೆಯಲ್ಲಿ ಮನೆಗಳ ಸಾಲು ರೀಡಿನ ಮೇಲೆ ಜರುಗುವುದರಿಂದ ಅಲ್ಲಿಯೂ ಇದು ನಡೆಯುವುದಿಲ್ಲ.

ಅಕಾರ್ಡಿಯನ್ ಬಿಚ್ಚುವವರಿಗೆ

ಇದೇ ಧೈರ್ಯದಲ್ಲಿ ಕೆಲವರು ಚರ್ಚಿನ ಅಥವಾ ವಾದ್ಯವೃಂದದ ಹಳೆಯ ಅಕಾರ್ಡಿಯನ್‌ಗೂ ಕೈ ಹಾಕುತ್ತಾರೆ. ತುದಿ ಉಜ್ಜಿದರೆ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ ಎನ್ನುವ ನಿಯಮ ಅಲ್ಲೂ ಅದೇ. ನಾಲಿಗೆ ಮಾತ್ರ ಉಕ್ಕಿನದು, ತುಕ್ಕು ಹಿಡಿಯುತ್ತದೆ. ಒಂದೊಂದು ತಗಡಿಗೆ ಎರಡು ನಾಲಿಗೆ: ತಿದಿ ಎಳೆದಾಗ ಒಂದು, ಒತ್ತಿದಾಗ ಇನ್ನೊಂದು. ಸುಮ್ಮನಿರುವ ನಾಲಿಗೆಯ ಕಡೆಯಿಂದ ಗಾಳಿ ಪೋಲಾಗದಿರಲು ಪ್ರತಿ ಸೀಳಿಗೆ ಒಂದು ತೆಳು ಚರ್ಮದ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ ಅಂಟಿಸಿರುತ್ತಾರೆ. ಆ ಪಟ್ಟಿ ಸುರುಳಿ ಸುತ್ತಿಕೊಂಡರೆ ಸ್ವರ ತಡವಾಗಿ, "ಪಟ್" ಎಂದು ಏಳುತ್ತದೆ.

ತಿದಿಯನ್ನು ಪೆಟ್ಟಿಗೆಗೆ ಹಿಡಿದಿರುವ ಮೊಳೆಗಳನ್ನು ಇಕ್ಕಳದಲ್ಲಿ ಎಳೆದರೆ ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತದೆ. ಮೊಳೆ ಬಂದ ತೂತಿಗೇ ಅದೇ ಮೊಳೆ ಹೋಗಬೇಕು, ಹಾಗಾಗಿ ದಪ್ಪ ರಟ್ಟಿನ ಮೇಲೆ ಸುತ್ತಿನ ಕ್ರಮದಲ್ಲೇ ಚುಚ್ಚಿಡಿ. ಬಹಳಷ್ಟು ಅಕಾರ್ಡಿಯನ್‌ಗಳಲ್ಲಿ ತಗಡುಗಳಿಗೆ ಸ್ಕ್ರೂ ಇರುವುದಿಲ್ಲ. ಜೇನುಮೇಣಕ್ಕೆ ರಾಳ ಬೆರೆಸಿ ಕಾಯಿಸಿ, ತಗಡಿನ ಸುತ್ತ ಹರಿಸಿ ಕೂರಿಸಿರುತ್ತಾರೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಮೇಣ ಮೆತ್ತಗಾಗಿ ತಗಡು ಕಳಚಿ ಬೀಳುತ್ತದೆ. ಬಿದ್ದದ್ದು ಒಂದೆರಡಾದರೆ, ಹಳೆಯ ಮೇಣವನ್ನು ಪೂರ್ತಿ ಕೆರೆದು ಹೊಸದನ್ನು ಸಣ್ಣ ಚಮಚದಲ್ಲಿ ಸುರಿದು ನೀವೇ ಕೂರಿಸಬಹುದು. ಉಗುರಿನಲ್ಲಿ ಒತ್ತಿದಾಗ ಮೇಣ ಪುಡಿಪುಡಿಯಾದರೆ ಇಡೀ ಪೆಟ್ಟಿಗೆಯ ಮೇಣ ಸತ್ತಿದೆ. ಅಲ್ಲಿಗೆ ನಿಲ್ಲಿಸಿ, ತಗಡುಗಳನ್ನು ಇದ್ದಲ್ಲೇ ಬಿಟ್ಟು ಅಕಾರ್ಡಿಯನ್ ಕೆಲಸ ಗೊತ್ತಿರುವವರ ಕೈಗೆ ಕೊಡಿ.